ಕಡಲು ಕಾಯುತ್ತಿದ್ದ ಕೋಣೆ

ಹೊಸ ಕಾಂಕ್ರೀಟಿಗೆ ನೀರು ಬಿದ್ದಾಗ ಏಳುವ ವಾಸನೆ ನಿಮಗೂ ಗೊತ್ತಿರುತ್ತದೆ. ಸುಣ್ಣದ ಘಾಟು, ತುಕ್ಕು ಹಿಡಿದ ಕಬ್ಬಿಣದ ಘಾಟು, ಕಾದ ಬಂಡೆಯ ಮೇಲೆ ಒದ್ದೆ ಬಟ್ಟೆ ಹರವಿದಾಗಿನ ಹಬೆ, ಇವೆಲ್ಲ ಕಲೆತು ಮೂಗಿನೊಳಗೆ ಹೋಗಿ ಕೂತುಬಿಡುವ ವಾಸನೆ. ಮೊನ್ನೆ ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ, ನಮ್ಮ ಆಫೀಸಿನ ಹಿಂದೆ ಕಾರು ನಿಲ್ಲಿಸುವ ಜಾಗಕ್ಕೆ ಹೊಸದಾಗಿ ಹಾಸಿದ್ದ ಕಾಂಕ್ರೀಟಿಗೆ ಕೆಲಸದವರು ಪೈಪು ಹಿಡಿದು ನೀರುಣಿಸುತ್ತಿದ್ದರು. ನಾನು ಕಾರಿನ ಕೀ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಜೊತೆಗಿದ್ದ ಸಹೋದ್ಯೋಗಿ "ಯೂ ರೈಟ್?" ಎಂದು ಕೇಳಿದಳು. ಏನಿಲ್ಲ, ಬಿಸಿಲು ಎಂದೆ. ಅಷ್ಟರಲ್ಲಿ ನಾನು ಇಡೀ ಖಂಡವನ್ನು ದಾಟಿ ಪಶ್ಚಿಮದ ತೀರದ ಒಂದು ಕುರಿ ಹೊಲಕ್ಕೆ ಹೋಗಿಯಾಗಿತ್ತು. ಅಲ್ಲೊಂದು ಬೂದುಬಣ್ಣದ ಗೋಡೆ. ಅದಕ್ಕೆ ಬೆನ್ನು ಕೊಟ್ಟು ಕೂತ ಚಿಕ್ಕಪ್ಪ. ಹಿತ್ತಲ ಕಡೆಯಿಂದ ಅಮ್ಮ ಒಗ್ಗರಣೆ ಹಾಕಿದ ಸದ್ದು.

ಆ ಊರಿನ ಹೆಸರು ಹೇಳುವುದಿಲ್ಲ. ಪರ್ತ್‌ನಿಂದ ಉತ್ತರಕ್ಕೆ, ಸಮುದ್ರದ ಗುಂಟ ಅರ್ಧ ದಿನದ ದಾರಿ. ಒಂದು ಪೆಟ್ರೋಲ್ ಬಂಕು, ಒಂದು ಪಬ್, ಗೋಧಿ ತುಂಬುವ ಎತ್ತರದ ಕಣಜಗಳು, ಮತ್ತು ಸುತ್ತಮುತ್ತಲಿನ ಕುರಿ ಸಾಕುವವರಿಗೆಲ್ಲ ಒಬ್ಬನೇ ಡಾಕ್ಟರಾಗಿದ್ದ ನನ್ನ ಅಪ್ಪ. ಊರಿನವರು ಡಾಕ್ಟರಿಗೆಂದು ಕೊಟ್ಟ ಮನೆ ಊರಾಚೆ, ಸುಣ್ಣಕಲ್ಲಿನ ಒಂದು ಗುಡ್ಡದ ಮೇಲಿತ್ತು. ಮನೆಯ ಹಿಂದೆ ತಂತಿ ಬೇಲಿ, ಬೇಲಿಯಾಚೆ ಒಣಹುಲ್ಲಿನ ಹೊಲ, ಹೊಲ ಮುಗಿಯುವಲ್ಲಿ ನೆಲದೊಳಗೆ ಅರ್ಧ ಹೂತಂತೆ ಕೂತಿದ್ದ ಒಂದು ಕಾಂಕ್ರೀಟು ಕೋಣೆ. ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಹಡಗಿನಲ್ಲಿ ಬಂದಿಳಿಯುತ್ತಾರೆಂದು ಹೆದರಿ ಕಟ್ಟಿದ್ದಂತೆ. ಸಮುದ್ರದ ಕಡೆಗೆ, ದೊಡ್ಡವರ ಎದೆಮಟ್ಟದಲ್ಲಿ, ಕಣ್ಣು ಕಿರಿದು ಮಾಡಿಕೊಂಡಂಥ ಒಂದು ಅಡ್ಡ ಸೀಳು. ಆ ಸೀಳಿನ ಹಿಂದೆ ಬಂದೂಕು ಹಿಡಿದ ಹುಡುಗರು ಕೂತು ಕಡಲನ್ನು ಕಾಯುತ್ತಿದ್ದರು. ಯಾರೂ ಬರಲಿಲ್ಲ. ಯುದ್ಧ ಮುಗಿಯಿತು, ಹುಡುಗರು ಮನೆಗೆ ಹೋದರು, ಕೋಣೆ ಉಳಿಯಿತು. ಆ ತೀರದ ಹೊಲಗಳಲ್ಲಿ ಇಂಥವು ಇನ್ನೂ ಅಲ್ಲೊಂದು ಇಲ್ಲೊಂದು ನಿಂತಿವೆ. ಒಡೆಯಲು ಹೋದವರ ಸುತ್ತಿಗೆಯ ಹಿಡಿ ಮುರಿದದ್ದಷ್ಟೇ ಬಂತು ಎಂದು ಅಪ್ಪನ ಒಬ್ಬ ಮುದಿ ಪೇಷೆಂಟು ಹೇಳುತ್ತಿದ್ದ. ಕಳೆದ ವರ್ಷ ನಾನು ಹೋದಾಗ ನಾವಿದ್ದ ಮನೆಯ ಒಂದು ಇಟ್ಟಿಗೆಯೂ ಇರಲಿಲ್ಲ. ಕೋಣೆ ಮಾತ್ರ ಹಾಗೇ ಇತ್ತು. ಪಕ್ಕದಲ್ಲಿ ಊರಿನವರು ಹಾಕಿಸಿದ ಬೋರ್ಡು, ಪ್ರವಾಸಿಗಳಿಗೊಂದು ಬೆಂಚು.

ಮನೆಯಲ್ಲಿ ನಾವು ನಾಲ್ವರು: ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ಮತ್ತೆ ನಾನು. ಅಪ್ಪನನ್ನು ಊರೆಲ್ಲ 'ಡಾಕ್' ಎಂದು ಕರೆಯುತ್ತಿತ್ತು. ಗುಣವಾದವರು ಬೆಳಗ್ಗೆ ನಾವೇಳುವ ಮುಂಚೆ ವೆರಾಂಡದಲ್ಲಿ ಕುರಿಯ ತೊಡೆಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟು ಹೋಗುತ್ತಿದ್ದರು. ಅಜ್ಜಿ ಬಾಗಿಲು ತೆರೆದು ಅದನ್ನು ನೋಡಿ ಹಿಂದಕ್ಕೆ ಹಾರಿ, "ವನಜಾ, ಮತ್ತೆ ತಂದಿಟ್ಟಿದಾರೆ ಕಣೇ," ಎಂದು ಕೂಗುತ್ತಿದ್ದಳು. ಅಮ್ಮ ಅದನ್ನು ಇಕ್ಕಳದಲ್ಲಿ ಹಿಡಿದು ಪಕ್ಕದ ಫಾರ್ಮಿನವರಿಗೆ ಕೊಟ್ಟು ಬರುವಳು. ಅಜ್ಜಿ ಮೈಸೂರಿನಿಂದ ಸೆರಗಿನೊಳಗೆ ಅಡಗಿಸಿ ತಂದ ಕರಿಬೇವಿನ ಬೀಜ ಆ ಉಪ್ಪುಗಾಳಿಯಲ್ಲೂ ಗಿಡವಾಗಿತ್ತು. ಅಡುಗೆಮನೆಯಲ್ಲಿ ಅವಳದೇ ದರ್ಬಾರು. ಹುಣಿಸೆಹಣ್ಣು ಎಷ್ಟು ನೆನೆಸಬೇಕೆಂಬುದರಿಂದ ಹಿಡಿದು ಅಮ್ಮ ಯಾವ ಸೀರೆ ಉಡಬೇಕೆಂಬುದರವರೆಗೆ ಅವಳು ಹೇಳಿದ್ದೇ ಆಗಬೇಕು. ಅಂಥ ಅಜ್ಜಿ ಅಪ್ಪನ ಎದುರು ಮಾತ್ರ ದನಿ ತಗ್ಗಿಸುತ್ತಿದ್ದಳು. ಮಗ ಡಾಕ್ಟರಾದದ್ದನ್ನು ಅವಳು ದೇವರು ಕೊಟ್ಟ ವರದಂತೆ ಹೇಳಿಕೊಳ್ಳುತ್ತಿದ್ದಳು. ವರ ಕೊಟ್ಟ ದೇವರು ಅದನ್ನು ಯಾವಾಗ ಬೇಕಾದರೂ ಹಿಂದಕ್ಕೆ ತೆಗೆದುಕೊಂಡಾನು ಎಂಬ ಭಯ ಅವಳ ಆ ತಗ್ಗಿದ ದನಿಯಲ್ಲಿತ್ತೆಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಅಪ್ಪನ ತಮ್ಮ ಸುಧೀಂದ್ರ ಅಡಿಲೇಡಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಅವನ ವಿಷಯ ಮನೆಯಲ್ಲಿ ಹಬ್ಬದ ಸುದ್ದಿಯ ಹಾಗೆ ಬರುತ್ತಿತ್ತು, ಸುಧಿ ಫೋನ್ ಮಾಡಿದ್ದ, ಸುಧಿ ಪಾಸಾದ ಎಂದು. ಆಮೇಲೆ ಸುದ್ದಿ ಬರುವುದು ನಿಂತಿತು. ಒಂದು ದಿನ ಅಪ್ಪ ಯಾರಿಗೂ ಏನೂ ಹೇಳದೆ ವಿಮಾನ ಹತ್ತಿ ಹೋಗಿ ಅವನನ್ನು ಕರೆದುಕೊಂಡು ಬಂದ. ಕಾರಿನಿಂದ ಇಳಿದ ಚಿಕ್ಕಪ್ಪ ತೆಳ್ಳಗೆ, ಉದ್ದಕ್ಕೆ, ಸೊಂಟದಲ್ಲಿ ನಿಲ್ಲದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಮೂಗು ಮಾತ್ರ ಥೇಟ್ ಅಜ್ಜಿಯದು, ತುದಿಯಲ್ಲಿ ಸ್ವಲ್ಪ ಎಡಕ್ಕೆ ಬಾಗಿದ್ದು. ಅಜ್ಜಿ ಓಡಿ ಹೋಗಿ ಅವನ ಕೆನ್ನೆ ಹಿಡಿದಳು. ಅವನು ಅವಳ ಕಿವಿಯ ಹತ್ತಿರ ಬಾಗಿ, "ಮೆತ್ತಗೆ ಮಾತಾಡಮ್ಮ, ಗೋಡೆ ಆಕಡೆ ಕೇಳಿಸ್ಕೋತಾರೆ," ಎಂದ. ಅಜ್ಜಿಯ ಕೈ ಅವನ ಕೆನ್ನೆಯ ಮೇಲೇ ನಿಂತುಬಿಟ್ಟದ್ದು ನನಗೆ ನೆನಪಿದೆ.

ಚಿಕ್ಕಪ್ಪನಿಗೆ ದನಿಗಳು ಕೇಳುತ್ತಿದ್ದವು. ಅವನನ್ನು ಬೈಯುವ, ಅವನ ಓದನ್ನು ಆಡಿಕೊಳ್ಳುವ, ಅವನು ಉಂಡದ್ದನ್ನು ಹಂಗಿಸುವ ದನಿಗಳು. ಪರ್ತ್‌ನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯೋಣವೆಂದು ಅಮ್ಮ ಒಂದು ಸಲ ಅಡುಗೆಮನೆಯಲ್ಲಿ ಹೇಳಿದಳು. ಅಪ್ಪ ತಟ್ಟೆಯಿಂದ ತಲೆಯೆತ್ತಲಿಲ್ಲ. "ಕರ್ಕೊಂಡ್ ಹೋದ್ರೆ ಹೆಸರು ಬರ್ಸ್‌ಬೇಕು. ಓದು ಬಿಟ್ಟಿದಾನೆ, ವೀಸಾ ಮುಗ್ದಿದೆ. ಮನೇಲೊಬ್ಬ ಹುಚ್ಚ ಇದಾನೆ ಅಂತ ಗೊತ್ತಾದ್ರೆ ನಮಗೆ ಇಲ್ಲೇ ಉಳ್ಕೊಳ್ಳೋಕೆ ಪಿಆರ್ ಕೊಡ್ತಾರಾ? ತಮ್ಮನ್ನೇ ಸರಿ ಮಾಡಕ್ಕಾಗದೋನ ಹತ್ರ ಯಾರು ಬರ್ತಾರೆ? ನಾನೇ ಮಾತ್ರೆ ಕೊಡ್ತೀನಿ," ಎಂದ. ಅಮ್ಮ ಅಜ್ಜಿಯ ಮುಖ ನೋಡಿದಳು. ಅಜ್ಜಿ, "ಅವ್ನು ಡಾಕ್ಟರು ವನಜಾ. ಅವ್ನಿಗೆ ಗೊತ್ತಿಲ್ವಾ?" ಎಂದು ಅಪ್ಪನಿಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಆ ಕಾಂಕ್ರೀಟು ಕೋಣೆಯನ್ನು ಚಿಕ್ಕಪ್ಪನಿಗೆ ತೋರಿಸಿದವಳು ನಾನು. ಒಳಗೆ ಕಾಲಿಟ್ಟವನು ಉಸಿರು ಹಿಡಿದು ನಿಂತ. ಕಿವಿಯ ಮೇಲೆ ಕೈಯಿಟ್ಟ, ತೆಗೆದ, ಮತ್ತೆ ಇಟ್ಟ. ಆಮೇಲೆ ಅವನ ಮುಖದಲ್ಲಿ ಮೂಡಿದ ನಗುವನ್ನು ನಾನು ಆವರೆಗೆ ಕಂಡಿರಲಿಲ್ಲ. "ಇಲ್ಲಿ ಗೋಡೆ ದಪ್ಪ ಇದೆ ಕಣೇ ಪುಟ್ಟಿ. ಏನೂ ಕೇಳಿಸ್ತಾನೇ ಇಲ್ಲ," ಎಂದ. ಅಂದಿನಿಂದ ದಿನಾ ಬೆಳಗ್ಗೆ ಸ್ನಾನ ಮಾಡಿ, ತಲೆ ಬಾಚಿ, ತಿಂಡಿ ತಿಂದು, "ಆಫೀಸಿಗೆ ಹೋಗ್ಬರ್ತೀನಮ್ಮ," ಎಂದು ಅಜ್ಜಿಗೆ ಹೇಳಿ ಹೊಲ ದಾಟಿ ಹೋಗುವನು. ಅಜ್ಜಿಯೂ ನಗುತ್ತ, "ಹುಷಾರಾಗಿ ಹೋಗ್ಬಾಪ್ಪ," ಎನ್ನುವಳು. ಸ್ಕೂಲಿಲ್ಲದ ದಿನ ಬೆಳಗ್ಗೆಯೇ ನಾನೂ ಅಲ್ಲಿಗೆ ಓಡುತ್ತಿದ್ದೆ. ಬೆಳಗಿನ ಹೊತ್ತು ಆ ಕೋಣೆ ಮಡಕೆಯೊಳಗಿನಂತೆ ತಂಪು. ಗೋಡೆಗೆ ಬಳಸಿದ ಮರಳನ್ನು ಸಮುದ್ರದ ದಂಡೆಯಿಂದಲೇ ತೋಡಿದ್ದರಿಂದ ಕಾಂಕ್ರೀಟಿನೊಳಗೆ ಪುಟ್ಟ ಪುಟ್ಟ ಚಿಪ್ಪುಗಳು ಕಾಣುತ್ತಿದ್ದವು. ಚಿಕ್ಕಪ್ಪ ಅವನ್ನು ಉಗುರಿನಿಂದ ಮುಟ್ಟಿ ತೋರಿಸುವನು. ಕೈಯಲ್ಲಿ ಒಂದು ಚೊಂಬು ನೀರಿಟ್ಟುಕೊಂಡು ಗೋಡೆಗೆ ಚಿಮುಕಿಸಿ, "ಮೂಸಿ ನೋಡು," ಎನ್ನುವನು. ಸೀಳಿನ ಮುಂದೆ ನನ್ನನ್ನು ಎತ್ತಿ ಹಿಡಿದು, ಹಡಗು ಬಂದರೆ ಮೊದಲು ಕಾಣುವುದು ಅದರ ತಲೆ, ಮೈ ಆಮೇಲೆ, ಯಾಕೆಂದರೆ ಭೂಮಿ ಉರುಟಾಗಿದೆ ಎಂದು ಹೇಳಿಕೊಟ್ಟ. ಗುಣಾಕಾರವನ್ನೂ ಅಲ್ಲೇ ಕಲಿತೆ. ಅವನು ನನಗೆ ಎಂದೂ ಗದರಲಿಲ್ಲ. ಹುಚ್ಚನೆಂದರೆ ಹೇಗಿರುತ್ತಾನೆಂದು ಯಾರಾದರೂ ಆಗ ನನ್ನನ್ನು ಕೇಳಿದ್ದರೆ, ಹುಚ್ಚ ಎಂದರೆ ತುಂಬ ಸಮಾಧಾನದ ಮನುಷ್ಯ ಎಂದು ಹೇಳುತ್ತಿದ್ದೆನೇನೋ.

ಕೋಣೆಗೆ ಬಾಗಿಲಿರಲಿಲ್ಲ. ಬಾಗಿಲಿರಬೇಕಾದ ಜಾಗದಲ್ಲಿ ಮನುಷ್ಯ ನುಸುಳುವಷ್ಟು ಬರೀ ಕಿಂಡಿ. ಒಂದು ದಿನ ಪಬ್ಬಿನ ಯಜಮಾನತಿ ಮಾತ್ರೆ ಬರೆಸಿಕೊಳ್ಳಲು ಮನೆಗೇ ಬಂದಳು. ಆಗ ಚಿಕ್ಕಪ್ಪ ಹಜಾರದಲ್ಲಿ ಗೋಡೆಗೆ ಕಿವಿಯಿಟ್ಟು ನಿಂತಿದ್ದ. ಅವಳು ಹೋದ ಮೇಲೆ ಅಪ್ಪ ಹೊಲ ದಾಟಿ ಹೋಗಿ ಆ ಕಿಂಡಿಯ ಅಳತೆ ತೆಗೆದುಕೊಂಡು ಬಂದ. ಮರುವಾರ ಪಕ್ಕದ ಫಾರ್ಮಿನವನು ಬಂದು ಕಿಂಡಿಗೆ ತಗಡಿನ ಬಾಗಿಲು ಕೂರಿಸಿದ. ಕುರಿಗಳು ಒಳಗೆ ನುಗ್ಗಿ ಗಲೀಜು ಮಾಡುತ್ತವೆ ಎಂದು ಅಪ್ಪ ಅವನಿಗೆ ಹೇಳಿದ್ದ. ಚಿಲಕ ಹೊರಗಡೆಗಿತ್ತು. ಮನೆಗೆ ಯಾರಾದರೂ ಬರುವ ದಿನ ಅಪ್ಪ, "ಸುಧಿ, ಆಫೀಸಿಗೆ ಹೊರಡಪ್ಪ," ಎನ್ನುವನು. ಚಿಕ್ಕಪ್ಪ ಮೊದಮೊದಲು ಖುಷಿಯಿಂದಲೇ ಹೋದ. ಚಿಲಕ ಬಿದ್ದ ಸದ್ದು ಕೇಳಿದ ದಿನ ಒಳಗಿನಿಂದ, "ಅಣ್ಣಾ, ಬಾಗ್ಲು ಹಾಕ್ಕೊಂಡ್‌ಬಿಡ್ತು ಕಣೋ," ಎಂದ. ಅಪ್ಪ, "ಗಾಳಿಗೆ ಬಡಿಯುತ್ತೆ ಅಂತ ಹಾಕಿದೀನಿ. ಸದ್ದು ಮಾಡ್ಬೇಡ. ಸದ್ದು ಮಾಡಿದ್ರೆ ಅವ್ರಿಗೆಲ್ಲ ನೀನಿಲ್ಲಿರೋದು ಗೊತ್ತಾಗುತ್ತೆ," ಎಂದ. ಯಾವ ದನಿಗಳಿಗೆ ತಮ್ಮ ಹೆದರುತ್ತಿದ್ದನೋ ಅವನ್ನೇ ಅಪ್ಪ ಕಾವಲಿಗೆ ನಿಲ್ಲಿಸಿದ. ಆಮೇಲೆ ಚಿಕ್ಕಪ್ಪ ಒಳಗೆ ಕೆಮ್ಮುತ್ತಲೂ ಇರಲಿಲ್ಲ.

ಅಮ್ಮ ಒಮ್ಮೆ, "ಒಳಗೆ ಬೇಯುತ್ತೆ ರೀ, ಮಧ್ಯಾಹ್ನ ಬಿಸಿಲು ನೇರ ಬೀಳುತ್ತೆ," ಎಂದಳು. ಸೀಳು ಪಡುವಣಕ್ಕಿತ್ತಲ್ಲ, ಮಧ್ಯಾಹ್ನದ ಮೇಲೆ ಸೂರ್ಯ ಅದರೊಳಗೇ ನುಗ್ಗುತ್ತಿದ್ದ. ಬೆಳಗ್ಗೆ ಮಡಕೆಯಾಗಿದ್ದ ಕೋಣೆ ಆಗ ಒಲೆ. ಅಪ್ಪ ನಕ್ಕ. "ಅವ್ನಿಗೆ ಅಲ್ಲೇ ಇಷ್ಟ ಅಲ್ವಾ? ಕೇಳ್ ನೋಡು," ಎಂದ. ಚಿಕ್ಕಪ್ಪನನ್ನು ಕೇಳಿದರೆ ಹೌದು ಇಷ್ಟ ಎಂದ. ಅಪ್ಪ ಅಮ್ಮನ ಕಡೆ ತಿರುಗಿ ಹುಬ್ಬೇರಿಸಿದ. ಅಪ್ಪ ಕೆಟ್ಟವನೆಂದು ಹೇಳಿದರೆ ಆ ಊರಿನಲ್ಲಿ ಈಗಲೂ ಯಾರೂ ನಂಬುವುದಿಲ್ಲ. ಹೆರಿಗೆಗೆಂದು ಅವನು ನೂರಾರು ಮೈಲಿ ಕಾರೋಡಿಸಿದ್ದಾನೆ, ಸಾಯುವವರ ಹಾಸಿಗೆಯ ಪಕ್ಕ ಕೈ ಹಿಡಿದು ಕೂತಿದ್ದಾನೆ. ಆ ಕೈಗಳೇ ಆ ಚಿಲಕವನ್ನೂ ಹಾಕುತ್ತಿದ್ದವು.

ಆ ಜನವರಿಯ ಸಂಕ್ರಾಂತಿಗೆ ಪರ್ತ್‌ನಿಂದ ಕನ್ನಡದ ಮೂರು ನಾಲ್ಕು ಸಂಸಾರಗಳು ನಮ್ಮ ಮನೆಗೆ ಬಂದವು. ಗಣಿಗಳಲ್ಲಿ ಕೆಲಸ ಮಾಡುವ ಜಿಯಾಲಜಿಸ್ಟರು, ಅವರ ಹೆಂಡಿರು ಮಕ್ಕಳು. ಅವರ ಜೊತೆ ಪರ್ತ್‌ನ ಆಸ್ಪತ್ರೆಯೊಂದರ ಹಿರಿಯ ಡಾಕ್ಟರು ಮೂರ್ತಿ ಅಂಕಲ್ ಮತ್ತು ಅವರ ಹೆಂಡತಿ ಶಾಂತಾ ಆಂಟಿ. ಅಪ್ಪನಿಗೆ ಪರ್ತ್‌ನಲ್ಲಿ ಕೆಲಸ ಸಿಗಬೇಕಾದರೆ ಮೂರ್ತಿ ಅಂಕಲ್ ಒಂದು ಮಾತು ಹೇಳಬೇಕಿತ್ತು. ವಾರದಿಂದ ಮನೆಯಲ್ಲಿ ಅದೇ ಮಾತು. ಅಜ್ಜಿ ಕೊಬ್ಬರಿ ಹೆಚ್ಚಿದಳು, ಬೆಲ್ಲ ಕತ್ತರಿಸಿದಳು, ಸಕ್ಕರೆ ಅಚ್ಚು ಕೈಗೆ ಅಂಟಿ ಕೆಡುತ್ತಿದೆಯೆಂದು ಅಮ್ಮನನ್ನು ಬೈದಳು. ಸಂಕ್ರಾಂತಿಯ ಬೆಳಗ್ಗೆ ಎಣ್ಣೆ ಸ್ನಾನವಾದ ಮೇಲೆ ಚಿಕ್ಕಪ್ಪನಿಗೆ ಅವಳೇ ತಲೆ ಬಾಚಿ ಹೊಸ ಅಂಗಿ ಹಾಕಿದಳು. ಹೊಸ ಅಂಗಿ ಹಾಕಿಕೊಂಡವನನ್ನು ಅಪ್ಪ ಕರೆದೊಯ್ದು ಕೋಣೆಯಲ್ಲಿ ಕೂರಿಸಿ ಬಂದ. ನೀರಿನ ಒಂದು ಬಾಟಲಿ ಒಳಗಿಟ್ಟ. ಅಲ್ಲಿ ಜನವರಿಯೆಂದರೆ ನಡುಬೇಸಿಗೆ, ಬಿಸಿಲು ಆ ಹೊತ್ತಿಗಾಗಲೇ ನಲವತ್ತು ಡಿಗ್ರಿಯನ್ನು ಮುಟ್ಟುತ್ತಿತ್ತು.

ಊಟವಾಯಿತು. ದೊಡ್ಡವರು ವೆರಾಂಡದಲ್ಲಿ ಕೂತು ಮೈನಿಂಗ್ ಕಂಪನಿಗಳ ಬಗ್ಗೆ, ಮೈಸೂರಿನ ಸೈಟುಗಳ ಬಗ್ಗೆ ಮಾತಾಡತೊಡಗಿದರು. ಬಂದ ಮಕ್ಕಳಲ್ಲಿ ನನಗಿಂತ ದೊಡ್ಡವರು ಮೂವರು ಹೊಲಕ್ಕೆ ಇಳಿದರು. ಅವರು ಬೇಲಿ ದಾಟಿದ್ದನ್ನು ನಾನು ಕಂಡಿರಲಿಲ್ಲ, ಕೂಗು ಕೇಳಿ ಓಡಿದೆ. ಸೀಳಿನ ಮುಂದೆ ನಿಂತು ಅವರು "ದೇರ್ಸ್ ಸಮ್‌ಒನ್ ಇನ್ ದೇರ್!" ಎಂದು ಕುಣಿಯುತ್ತಿದ್ದರು. ಒಬ್ಬ ಕೋಲು ತೂರಿಸಿ ತಿವಿಯುತ್ತಿದ್ದ. ಇನ್ನೊಬ್ಬಳು ಬೊಗಸೆ ಬೊಗಸೆ ಮರಳು ತುಂಬಿ ಒಳಗೆ ಎರಚುತ್ತಿದ್ದಳು. "ಸೇ ಸಮ್‌ಥಿಂಗ್! ಟಾಕ್!" ಎನ್ನುತ್ತ ಮೂರನೆಯವನು ಕಲ್ಲು ಹೊಡೆದ. ಒಳಗಿನಿಂದ ಒಂದು ಚೂರೂ ಸದ್ದಿಲ್ಲ. ಸದ್ದು ಮಾಡಬೇಡ ಎಂದಿದ್ದನಲ್ಲ ಅಪ್ಪ. ಸೀಳಿನೊಳಗೆ ನಾನು ಕಂಡದ್ದು, ಬಿಸಿಲಿಗೆ ಕೆಂಪೇರಿದ ಮುಖ, ಬಾಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು ನಿಂತಿರುವ ಚಿಕ್ಕಪ್ಪ. ಹುಬ್ಬಿನಿಂದ ರಕ್ತ ಇಳಿದು ಹೊಸ ಅಂಗಿಯ ಕಾಲರನ್ನು ಮುಟ್ಟಿತ್ತು.

ನಾನು ಸುತ್ತಿಕೊಂಡು ಹೋಗಿ ಬಾಗಿಲಿನ ಚಿಲಕ ಎಳೆದೆ. ತಗಡು ಕಾದು ಕೈ ಚುರುಗುಟ್ಟಿತು. "ಬಾ ಚಿಕ್ಕಪ್ಪ," ಎಂದು ಅವನ ಕೈ ಹಿಡಿದೆ. ಅವನು ಮೆಲ್ಲಗೆ, "ಬರ್ಬೋದಾ?" ಎಂದು ಕೇಳಿದ. ಬರಬಹುದು ಎಂದೆ. ಅವನಿಗೆ ಪೆಟ್ಟಾಗಿತ್ತು, ಮನೆಯಲ್ಲಿ ಇಬ್ಬರು ಡಾಕ್ಟರಿದ್ದರು, ನನಗೆ ತಿಳಿದದ್ದು ಅಷ್ಟೇ. ಹುಡುಗರು ದಾರಿ ಬಿಟ್ಟು ಹಿಂದೆ ಹಿಂದೆ ಬಂದರು. ಒಣಹುಲ್ಲಿನ ನಡುವೆ ಅವನ ಕೈ ಹಿಡಿದುಕೊಂಡು ವೆರಾಂಡದ ಮೆಟ್ಟಿಲವರೆಗೆ ಬಂದೆ.

ಎಲ್ಲರ ಕೈಯಲ್ಲೂ ಎಳ್ಳುಬೆಲ್ಲದ ತಟ್ಟೆಗಳಿದ್ದವು. ಮೂರ್ತಿ ಅಂಕಲ್ ಎದ್ದು, "ಅಯ್ಯೋ, ರಕ್ತ ಬರ್ತಿದೆಯಲ್ಲ. ಯಾರಪ್ಪ ಇವ್ರು?" ಎಂದರು. ಅಪ್ಪನ ಮುಖ ನೋಡಿದೆ. ಅದರಲ್ಲಿ ಏನೂ ಕದಲಲಿಲ್ಲ. "ನನ್ನ ಪೇಷೆಂಟ್ ಸರ್," ಎಂದ. "ಇಲ್ಲೇ ಫಾರ್ಮ್‌ನಲ್ಲಿ ಕೆಲ್ಸ ಮಾಡ್ತಾನೆ. ಪಾಪ, ತಲೆ ಸ್ವಲ್ಪ ಸರಿ ಇಲ್ಲ. ಆಗಾಗ ಹೀಗೆ ಬಂದ್ಬಿಡ್ತಾನೆ."

"ಚಿಕ್ಕಪ್ಪ ಅಲ್ವಾ ಅಪ್ಪ!" ಎಂದು ನಾನು ಕೂಗಿದೆ.

ಅಪ್ಪ ನಕ್ಕುಬಿಟ್ಟ. ಚೆನ್ನಾಗಿ, ಗಂಟಲು ತುಂಬ ನಕ್ಕ. "ಇವ್ಳು ನೋಡಿ ಸರ್, ಊರಲ್ಲಿರೋರನ್ನೆಲ್ಲ ಚಿಕ್ಕಪ್ಪ ಅಂತಾಳೆ." ಎಲ್ಲರೂ ನಕ್ಕರು. ಅಮ್ಮ ಬಂದು ನನ್ನನ್ನು ತನ್ನ ಸೊಂಟಕ್ಕೆ ಒತ್ತಿಕೊಂಡಳು, ಮುಖ ಸೀರೆಯಲ್ಲಿ ಹುದುಗುವಷ್ಟು ಗಟ್ಟಿಯಾಗಿ. ಶಾಂತಾ ಆಂಟಿ ಮಾತ್ರ ಚಿಕ್ಕಪ್ಪನ ಮುಖವನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಅಜ್ಜಿಯನ್ನು, "ನಮ್ಮ ಕಡೆಯವ್ರ ಥರ ಕಾಣ್ತಾರಲ್ಲ. ನಿಮಗೆ ಗೊತ್ತೇನಮ್ಮ?" ಎಂದು ಕೇಳಿದರು. ಅಜ್ಜಿ ಮಡಿಲಲ್ಲಿದ್ದ ತಟ್ಟೆಯನ್ನು ನೋಡುತ್ತ, ಎಳ್ಳಿನಲ್ಲಿ ಬೆರಳಾಡಿಸುತ್ತ, "ಯಾರೋ ಏನೋ. ನಂಗೊತ್ತಿಲ್ಲಮ್ಮ. ಡಾಕ್ಟರ ಹತ್ರ ಬರೋರು," ಎಂದಳು.

ಚಿಕ್ಕಪ್ಪ ಅದನ್ನು ಕೇಳಿಸಿಕೊಂಡ. ಅವನು ಅಜ್ಜಿಯ ಕಡೆ ನೋಡಿದ. ಅವಳು ಮುಖ ಎತ್ತುತ್ತಾಳೆಂದು ಕಾದ ಹಾಗೆ ಸ್ವಲ್ಪ ಹೊತ್ತು ನಿಂತ. ಎತ್ತಲಿಲ್ಲ. ಆಗ ಅವನು ಅಪ್ಪನ ಕಡೆ ತಿರುಗಿ, ಕೈ ಕಟ್ಟಿಕೊಂಡು, ಇಂಗ್ಲಿಷಿನಲ್ಲಿ, "ಸಾರಿ ಟು ಡಿಸ್ಟರ್ಬ್ ಯೂ, ಡಾಕ್ಟರ್," ಎಂದ.

ಅವನಿಗೆ ಬುದ್ಧಿ ಸರಿಯಿಲ್ಲವೆಂದು ಹೇಳುತ್ತಿದ್ದರು. ಆ ಕ್ಷಣದಲ್ಲಿ ಅಲ್ಲಿ ಏನು ನಡೆಯುತ್ತಿದೆಯೆಂದು, ತನ್ನಿಂದ ಏನು ಬೇಕಾಗಿದೆಯೆಂದು ಅವನಷ್ಟು ಚೆನ್ನಾಗಿ ಬೇರೆ ಯಾರಿಗೂ ತಿಳಿದಿರಲಿಲ್ಲ. ಮೂರ್ತಿ ಅಂಕಲ್ ಒಳ್ಳೆಯ ಮನುಷ್ಯ. ಹತ್ತಿ ತರಿಸಿ ತಾವೇ ಗಾಯ ಒರೆಸಿ ಪಟ್ಟಿ ಹಾಕಿದರು. ಕಾಗದದ ತಟ್ಟೆಯಲ್ಲಿ ಎಳ್ಳುಬೆಲ್ಲ, ಒಂದು ಸಕ್ಕರೆ ಅಚ್ಚು ಹಾಕಿ ಅವನ ಕೈಗಿತ್ತು, ನಿಧಾನವಾಗಿ, ಬಿಡಿಬಿಡಿಯಾಗಿ, "ಇಟ್ಸ್ ಸ್ವೀಟ್. ಯೂ ಈಟ್," ಎಂದರು. ಚಿಕ್ಕಪ್ಪ ಎರಡೂ ಕೈಯಲ್ಲಿ ಈಸಿಕೊಂಡು ಥ್ಯಾಂಕ್ಯೂ ಎಂದ. ತನ್ನ ತಾಯಿ ಹೆಚ್ಚಿದ ಕೊಬ್ಬರಿಯನ್ನು ಮೆಟ್ಟಿಲ ಮೇಲೆ ಬೇರೆಯವನಂತೆ ಕೂತು, ಒಂದೊಂದೇ ಚೂರು ಆರಿಸಿ ತಿಂದ. ಅವನು ತಿಂದು ಮುಗಿಸುವವರೆಗೆ ಅಪ್ಪ ಕಾದ. ಆಮೇಲೆ ಕಾರಿನ ಕೀ ತೆಗೆದುಕೊಂಡು, "ಕಮ್ ಆನ್, ಮೇಟ್. ಐಲ್ ಡ್ರಾಪ್ ಯೂ ಹೋಮ್," ಎಂದು ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದ. ಕಾರು ರಸ್ತೆಗಿಳಿದು, ಗುಡ್ಡ ಬಳಸಿ, ಹೊಲದ ಆಚೆ ಬದಿಯಿಂದ ಆ ಕೋಣೆಗೇ ಹೋಯಿತೆಂದು ಮೇಲೆದ್ದ ಧೂಳನ್ನು ನೋಡಿ ನಾನು ತಿಳಿದೆ. ಸೂರ್ಯ ಆಗ ಸೀಳಿನ ಎದುರಿಗೆ ಬಂದಿದ್ದ. ಅತಿಥಿಗಳು ಕಾಫಿ ಕುಡಿದು, ಮತ್ತೊಂದು ಸಲ ಕಾಫಿ ಕುಡಿದು, ಫೋಟೋ ತೆಗೆಸಿಕೊಂಡು ಹೊರಟದ್ದು ಬಿಸಿಲಿಳಿದ ಮೇಲೆ.

ಅವರ ಕಾರುಗಳು ಮರೆಯಾದದ್ದೇ ಅಮ್ಮ ಬರಿಗಾಲಲ್ಲಿ ಹೊಲಕ್ಕೆ ಓಡಿದಳು. ಚಿಕ್ಕಪ್ಪ ಪ್ರಜ್ಞೆ ತಪ್ಪಿ ಬಿದ್ದಿದ್ದ. ಅಪ್ಪ ಅವನನ್ನು ಹೊತ್ತು ತಂದು, ಬಚ್ಚಲಲ್ಲಿ ಮಲಗಿಸಿ, ಮೈಗೆ ತಣ್ಣೀರು ಹೊಯ್ದು, ಕೈಗೆ ಸೂಜಿ ಚುಚ್ಚಿ ಬಾಟಲಿ ಕಟ್ಟಿ ಬದುಕಿಸಿದ. ಬಹಳ ಚೆನ್ನಾಗಿ ಬದುಕಿಸಿದ. ಅಷ್ಟು ಹೊತ್ತೂ ಅಜ್ಜಿ ಅಡುಗೆಮನೆಯಲ್ಲಿ ಉಳಿದ ಎಳ್ಳುಬೆಲ್ಲವನ್ನು ಡಬ್ಬಿಗೆ ತುಂಬುತ್ತಿದ್ದಳು.

ಮೂರ್ತಿ ಅಂಕಲ್ ಆ ಒಂದು ಮಾತು ಹೇಳಿದರು. ಅಪ್ಪನಿಗೆ ಪರ್ತ್‌ನಲ್ಲಿ ಕೆಲಸ ಸಿಕ್ಕಿತು. ಮನೆ ಬದಲಾಯಿಸುವ ಮುಂಚೆ ಅಪ್ಪ ಚಿಕ್ಕಪ್ಪನನ್ನು ಊರಿಗೆ ಕರೆದೊಯ್ದು, ಮೈಸೂರಿನ ಹೊರವಲಯದಲ್ಲಿ ಇಂಥವರನ್ನು ಇಟ್ಟುಕೊಳ್ಳುವ ಒಂದು ಮನೆಯಲ್ಲಿ ಬಿಟ್ಟು ಬಂದ. ಹೊರಡುವ ದಿನ ಚಿಕ್ಕಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, "ಅಲ್ಲೂ ಗೋಡೆ ದಪ್ಪ ಇರುತ್ತಂತೆ ಪುಟ್ಟಿ. ಅಣ್ಣ ಹೇಳಿದಾನೆ," ಎಂದ. ಅಜ್ಜಿ ದೇವರ ಕೋಣೆಯಿಂದ ಹೊರಗೆ ಬರಲಿಲ್ಲ. ನಾನು ಅತ್ತೆ, ರಂಪ ಮಾಡಿದೆ, ಅಪ್ಪನ ಅಂಗಿ ಹಿಡಿದು ಎಳೆದೆ. ಅಪ್ಪ ಬಾಗಿ, ನನ್ನ ಕಣ್ಣಿಗೆ ಕಣ್ಣಿಟ್ಟು, ಪೇಷೆಂಟಿಗೆ ಕಾಯಿಲೆಯ ಹೆಸರು ಹೇಳುವ ದನಿಯಲ್ಲಿ, "ನೀನು ಆವತ್ತು ಚಿಲಕ ತೆಗೀದೆ ಇದ್ದಿದ್ರೆ ಅವ್ನು ಇಲ್ಲೇ ಇರ್ತಿದ್ದ," ಎಂದ. ನನಗಾಗ ಹತ್ತು ವರ್ಷ. ಆ ಮಾತನ್ನು ನಾನು ನಂಬಲಿಲ್ಲ, ಇವತ್ತಿಗೂ ನಂಬುವುದಿಲ್ಲ. ಆದರೆ ಅವನು ಅದನ್ನು ಹೇಳಿದ.

ಚಿಕ್ಕಪ್ಪ ಅಲ್ಲಿ ಹೆಚ್ಚು ಕಾಲ ಬದುಕಲಿಲ್ಲ. ಜ್ವರ ಬಂದಿತ್ತಂತೆ, ಯಾರೂ ಗಮನಿಸಲಿಲ್ಲವಂತೆ, ಅವನೂ ಸದ್ದು ಮಾಡಲಿಲ್ಲವಂತೆ. ಅಪ್ಪ ಹೋಗಿ ಕರ್ಮ ಮಾಡಿ ತಲೆ ಬೋಳಿಸಿಕೊಂಡು ಬಂದ. ಪರ್ತ್‌ನ ಕನ್ನಡದವರು ಯಾರು ಹೋದದ್ದೆಂದು ಕೇಳಿದಾಗ, "ದೂರದ ಸಂಬಂಧಿ, ಮಾಡೋರು ಯಾರೂ ಇರ್ಲಿಲ್ಲ," ಎಂದ. ಎಲ್ಲರೂ ಅವನ ದೊಡ್ಡತನವನ್ನು ಮೆಚ್ಚಿದರು. ಈಗ ಅಪ್ಪನೂ ಇಲ್ಲ. ಅವನು ತೀರಿಕೊಂಡಾಗ ಆ ಕುರಿ ಊರಿನಿಂದ ಒಂದು ಬಸ್ಸು ತುಂಬ ಜನ ಬಂದಿದ್ದರು. ಅಮ್ಮ ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿ ಒಂದು ಸಣ್ಣ ಮನೆಯಲ್ಲಿದ್ದಾಳೆ. ಕರಿಬೇವಿನ ಗಿಡ ಬೆಳೆಸಿದ್ದಾಳೆ, ಸಂಜೆ ಗೆಳತಿಯರೊಡನೆ ಕೆರೆಯ ಸುತ್ತ ನಡೆಯುತ್ತಾಳೆ. ಕಳೆದ ಸಲ ಹೋದಾಗ ಆ ಸಂಕ್ರಾಂತಿಯ ದಿನದ ಮಾತೆತ್ತಿದೆ. ಅವಳು ಟೀ ಲೋಟ ತೊಳೆಯುತ್ತಿದ್ದಳು. "ನನ್ನ ವೀಸಾನೂ ನಿಮ್ಮಪ್ಪನ ಹೆಸರಲ್ಲೇ ಇತ್ತು ಪುಟ್ಟಿ," ಎಂದಳು. ಇನ್ನೂ ಏನೋ ಹೇಳುವವಳಿದ್ದಳು, ನಲ್ಲಿಯನ್ನು ಜೋರಾಗಿ ಬಿಟ್ಟಳು.

ಅಜ್ಜಿ ನಮ್ಮ ಜೊತೆ ಪರ್ತ್‌ನಲ್ಲಿ ಬಹಳ ವರ್ಷ ಇದ್ದಳು. ಸುಧಿ ಎಂಬ ಹೆಸರು ಅವಳ ಬಾಯಿಂದ ಆಮೇಲೆ ಬರಲೇ ಇಲ್ಲ. ಕೊನೆಗಾಲದಲ್ಲಿ ಅವಳು ಆಸ್ಪತ್ರೆ ಸೇರಿದಾಗ ನಾನು ಕಾಲೇಜಿಗೆ ರಜೆ ಹಾಕಿ ಬಂದು ಹಗಲಲ್ಲಿ ಅವಳ ಪಕ್ಕ ಕೂರುತ್ತಿದ್ದೆ. ಅವಳ ಕೈ ಒಣಗಿದ ವೀಳ್ಯದೆಲೆಯ ಹಾಗೆ ಹಗುರಾಗಿತ್ತು, ಅದನ್ನು ನನ್ನ ಕೈಯಲ್ಲಿ ಇಟ್ಟೇ ಇರುತ್ತಿದ್ದಳು. ಒಂದು ಮಧ್ಯಾಹ್ನ ನರ್ಸೊಬ್ಬಳು ದಿಂಬು ಸರಿಮಾಡುತ್ತ, ಬರೀ ಮಾತಿಗೆಂದು, "ಹೌ ಮೆನಿ ಕಿಡ್ಸ್ ಹ್ಯಾವ್ ಯೂ ಗಾಟ್, ಡಾರ್ಲ್?" ಎಂದು ಕೇಳಿದಳು. ಎಷ್ಟು ಮಕ್ಕಳು ಅಂತ ಕೇಳ್ತಿದಾರೆ ಅಜ್ಜಿ ಎಂದೆ. ಅಜ್ಜಿ ಕಣ್ಣು ಮುಚ್ಚಿಕೊಂಡೇ, "ಒಬ್ಬನೇ ಅಂತ ಹೇಳು," ಎಂದಳು.

ನರ್ಸ್ ನನ್ನ ಮುಖ ನೋಡಿದಳು. "ಟೂ," ಎಂದೆ ನಾನು. "ಟೂ ಬಾಯ್ಸ್."

ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಟಿವಿಯಲ್ಲಿ ಕ್ರಿಕೆಟ್ ನೋಡಿ ನೋಡಿ ಅಂಕಿಗಳೆಲ್ಲ ಬರುತ್ತಿದ್ದವು. ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ಆಮೇಲೆ ನನ್ನ ಕೈಯೊಳಗಿದ್ದ ತನ್ನ ಕೈಯನ್ನು ನಿಧಾನವಾಗಿ, ಬೆರಳೊಂದೊಂದನ್ನೇ ಬಿಡಿಸಿಕೊಂಡು, ಹಿಂದಕ್ಕೆ ಎಳೆದುಕೊಂಡಳು. ಅಷ್ಟು ಶಕ್ತಿ ಅವಳಲ್ಲಿ ಎಲ್ಲಿ ಉಳಿದಿತ್ತೋ, ಯಾರ ಸಹಾಯವೂ ಇಲ್ಲದೆ ಮಗ್ಗುಲು ಬದಲಿಸಿ ಗೋಡೆಯ ಕಡೆ ತಿರುಗಿದಳು. ಕಣ್ಣಿಗೆ ಬಿಸಿಲು ಹೊಡೆಯುತ್ತಿರಬೇಕೆಂದುಕೊಂಡ ನರ್ಸ್ ಪರದೆ ಎಳೆದು ಹೋದಳು. ನಾನು ಅಜ್ಜಿಯ ಬೆನ್ನನ್ನು ನೋಡುತ್ತ ಕೂತೆ. ಆಸ್ಪತ್ರೆಯ ನೀಲಿ ಅಂಗಿಯೊಳಗೆ ಮಗುವಿನದರಷ್ಟು ಸಣ್ಣದಾದ ಬೆನ್ನು. ಅದು ಅಲುಗುತ್ತಿತ್ತು. ಅಳುತ್ತಿದ್ದಳೋ, ಉಸಿರಾಟವೇ ಹಾಗಾಗಿತ್ತೋ, ನಾನು ಬಗ್ಗಿ ನೋಡಲಿಲ್ಲ.